ಐಮಂಗಲದ ಬಯಲಿಗೆ ಬಿದ್ದ ಪೆಟ್ಟಿಗೆ

ಏಕಾಂತಮ್ಮ ಜೀಪಿನಿಂದ ಇಳಿಯುವಷ್ಟರಲ್ಲಿ ಪೊಲೀಸರು ಬಂದೂಕು ಎತ್ತಿದ್ದರು.

ಐಮಂಗಲದಾಚೆ, ಕುರಿ ಮೇಯುವ ಬಯಲಿನಲ್ಲಿ ಅವಳ ಪೆಟ್ಟಿಗೆ ಬಿದ್ದಿತ್ತು. ಆಕಾಶದ ಸಂಶೋಧನೆಗಾಗಿ ಹೈದರಾಬಾದಿನಲ್ಲಿ ದೊಡ್ಡ ಬಲೂನಿಗೆ ಕಟ್ಟಿ ಅವಳೇ ಹಾರಿಸಿದ್ದು. ಕಪ್ಪು ಕುಳಿ, ಅಂದರೆ ಬ್ಲ್ಯಾಕ್ ಹೋಲ್, ಇರಬಹುದೆಂದು ವಿಜ್ಞಾನಿಗಳು ಗುಮಾನಿಪಟ್ಟ ಕಡೆಯಿಂದ ಬರುವ ಎಕ್ಸ್‌ರೇಗಳನ್ನು ಅದು ಫಿಲ್ಮಿನಲ್ಲಿ ಹಿಡಿದಿಟ್ಟಿತ್ತು. ಅವಳ ವರ್ಷಗಳ ದುಡಿಮೆಯೆಲ್ಲ ಅದರೊಳಗಿತ್ತು. ಊರವರಿಗೆ ಕೇಳಿಸಿದ್ದು ಟಿಕ್ ಟಿಕ್ ಸದ್ದು ಮಾತ್ರ. ತುರ್ತು ಪರಿಸ್ಥಿತಿಯ ದಿನಗಳು. ಅನುಮಾನ ಬಂದರೆ ಸಾಕಿತ್ತು, ಪೊಲೀಸರು ಬರುತ್ತಿದ್ದರು.

“ಹೊಡೀಬ್ಯಾಡ್ರಿ,” ಎಂದಳು.

ಸಬ್ ಇನ್ಸ್‌ಪೆಕ್ಟರ್ ತಿರುಗಿದ. ಹಾಲಸ್ವಾಮಿ.

ಇಬ್ಬರೂ ಚಿತ್ರದುರ್ಗದ ಕಾಲೇಜಿನಲ್ಲಿ ಒಬ್ಬರನ್ನೊಬ್ಬರು ಮೆಚ್ಚಿಕೊಂಡವರು. ಹೊಳಲ್ಕೆರೆಯ ಅವನ ಮನೆಯಲ್ಲಿ ಮದುವೆಯ ಮಾತೂ ನಡೆದಿತ್ತು. “ಮದ್ವೆ ಆದ್ಮ್ಯಾಲೆ ಈ ಆಕಾಶ ನೋಡೋ ಕೆಲ್ಸ ಬ್ಯಾಡ,” ಎಂದು ಅವನ ತಾಯಿ ಗಂಗಕ್ಕ ಹೇಳಿದಾಗ ಅವನು ತಲೆ ತಗ್ಗಿಸಿ ಕೂತಿದ್ದ. ಏಕಾಂತಮ್ಮ ಎದ್ದು ಬಂದಿದ್ದಳು.

“ಬಾಂಬ್ ಅಂತ ಕಂಪ್ಲೇಂಟ್ ಐತೆ. ಒಡೀಬೇಕಂತ ಮೇಲಿನವ್ರ ಆರ್ಡರ್.” ಹಾಲಸ್ವಾಮಿಯ ದನಿ ಗಡುಸಾಗಿತ್ತು. ಕಣ್ಣು ಮಾತ್ರ ಅವಳ ಧೂಳು ಮೆತ್ತಿದ ಮುಂಗುರುಳಲ್ಲೇ ಸಿಕ್ಕಿಕೊಂಡಿತ್ತು.

“ಅದು ಕ್ಯಾಮೆರಾದ ಟೈಮರ್. ಫಿಲ್ಮಿಗೆ ಬೆಳಕು ತಾಗಿದ್ರೆ ಎಲ್ಲಾ ಹೋಯ್ತು.”

“ನಂಗೆ ಹೆಂಗೆ ಗೊತ್ತಾಗ್ಬೇಕು?”

“ಗೊತ್ತಾಗಲ್ಲ. ನಂಬಬೇಕು.”

ಅವಳು ನೇರ ನಡೆದು ಹೋಗಿ ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕುಳಿತಳು. ಬಂದೂಕುಗಳು ಇಳಿಯಲಿಲ್ಲ.

ಬೂಟಿನ ಸದ್ದು ಹತ್ತಿರ ಬಂತು. ಹಾಲಸ್ವಾಮಿ ಟೋಪಿ ತೆಗೆದು, ಅವಳಿಗೂ ಬಂದೂಕಿಗೂ ನಡುವೆ ಕುಳಿತ.

“ಇಳಿಸ್ರಿ,” ಎಂದ ಕಾನ್‌ಸ್ಟೇಬಲ್‌ಗಳಿಗೆ.

“ಮೇಲಿನವ್ರು ಕೇಳಿದ್ರೆ?” ಎಂದಳು ಮೆಲ್ಲಗೆ.

“ನಾನ್ ಉತ್ರ ಕೊಡ್ತೀನಿ.”

ಅವಳು ಬ್ಯಾಟರಿಯ ತಂತಿ ಕಳಚಿದಳು. ಸದ್ದು ನಿಂತಿತು.

“ಸಿಕ್ಕೈತಾ, ನಿನ್ನ ಕಪ್ಪು ಕುಳಿ?”

“ಫಿಲ್ಮ್ ತೊಳೆದ್ಮ್ಯಾಲೆ ನೋಡ್ಬೇಕು. ಸಿಗದಿದ್ರೆ ಮತ್ತೆ ಹಾರಿಸ್ತೀನಿ. ನನ್ನ ಜೀವ್ನ ಹಿಂಗೇ ರೀ.”

“ಆ ಕೆಲ್ಸ ಬಿಡಬ್ಯಾಡ.” ಅವನು ನೆಲ ನೋಡಿದ. “ನನ್ನೂ ಬಿಡಬ್ಯಾಡ.”

ಅವಳ ಕಣ್ಣು ತುಂಬಿತು. ಆದರೂ ಸೋಲಲಿಲ್ಲ. “ಈ ಮಾತು ಇಲ್ಲಲ್ಲ, ನಿಮ್ಮವ್ವನ ಮುಂದೆ ಹೇಳ್ರಿ.”

“ಹೋಗಾಣ.”

ಪೆಟ್ಟಿಗೆಯನ್ನು ಜೀಪಿಗೇರಿಸಿ, ಸಂಜೆಯೊಳಗೆ ಹೊಳಲ್ಕೆರೆ ತಲುಪಿದರು. ಹಾಲಸ್ವಾಮಿ ಖಾಕಿಯಲ್ಲೇ ನಡುಮನೆಯಲ್ಲಿ ನಿಂತ.

“ಅವ್ವ, ಇವ್ಳು ಕೆಲ್ಸ ಬಿಡಂಗಿಲ್ಲ. ನೀನ್ ಒಪ್ಪಿದ್ರೆ ಮದ್ವೆ ಆಗ್ತೀವಿ. ಒಪ್ಪದಿದ್ರೂ ಆಗ್ತೀವಿ.”

ಗಂಗಕ್ಕ ಮಗನ ಮುಖವನ್ನೇ ನೋಡಿದರು. ಏಕಾಂತಮ್ಮ ಹೊಸ್ತಿಲಾಚೆಯೇ ನಿಂತಿದ್ದಳು.

“ಅವ್ಳನ್ಯಾಕಪ್ಪ ಬಾಗ್ಲಾಗೆ ನಿಲ್ಸಿದೀಯ,” ಎಂದರು ಕೊನೆಗೆ. “ಒಳಗ್ ಬಾರವ್ವ. ಕುಂತ್ಕ.”