ಬಸ್‌ಸ್ಟ್ಯಾಂಡಿನಲ್ಲಿ ಕೊಟ್ಟ ಉತ್ತರ

ಆ ಸಂಜೆ ವಿದ್ಯಾಗಿರಿಯ ಸಭಾಂಗಣದಲ್ಲಿ ನಲವತ್ತು ಜನ ಹಾಡುವವರು, ಹದಿನೆಂಟು ಜನ ನುಡಿಸುವವರು. ನೂರೈವತ್ತು ವರ್ಷಗಳ ಹಿಂದೆ ಹುಟ್ಟಿದ ಒಬ್ಬ ಇಂಗ್ಲಿಷ್ ಸಂಗೀತಗಾರನ ನೆನಪಿನ ಕಾರ್ಯಕ್ರಮ. ಬೋರ್ಡಿನಲ್ಲಿ ‘ಆರ್ಕೆಸ್ಟ್ರಾ’ ಎಂದು ಓದಿ ಸಿನಿಮಾ ಹಾಡು ಕೇಳಲು ಬಂದವರೇ ಹೆಚ್ಚು. ಮುಂದೆಯೇ ಕೂತಿದ್ದ ನಮ್ಮ ಯಮನಪ್ಪ ಕಾಕಾ, “ಲೇ ಧರ್ಮರಾಜ, ಡ್ಯಾನ್ಸ್ ಯಾವಾಗಲೇ?” ಎಂದು ಕೂಗಿದ.

ನಾನು ಪಿಟೀಲು ಹಿಡಿದು ತಲೆ ತಗ್ಗಿಸಿದೆ. ಅವನ ಕೂಗಿಗೆ ನಾಚಿ ಅಲ್ಲ. ಹಾಡುವವರ ಮೊದಲ ಸಾಲಿನಲ್ಲಿ ರೋಹಿಣಿ ನಿಂತಿದ್ದಳು.

ಎರಡು ವರ್ಷಗಳ ಹಿಂದೆ ಇಳಕಲ್ ಬಸ್‌ಸ್ಟ್ಯಾಂಡಿನಲ್ಲಿ ಅವಳಿಗೆ ನನ್ನ ಮನಸ್ಸು ಹೇಳಿದ್ದೆ. ಒಂದೇ ಮಾತು ಅಂದು ಬಸ್ ಹತ್ತಿಬಿಟ್ಟಳು. ನಾನು ಬೇಡವಾದೆ ಅಂದುಕೊಂಡು ಒಂದು ಫೋನನ್ನೂ ಮಾಡಲಿಲ್ಲ. ಗಂಡಸಿನ ಸೊಕ್ಕು, ಮತ್ತೇನು.

ನಿಧಾನದ ಭಾಗದಲ್ಲಿ ಅವಳು ಹಾಡಿನ ಹಾಳೆಯ ಮೇಲಿಂದ ನನ್ನನ್ನು ನೋಡಿದಳು. ಹುಬ್ಬು ಚೂರು ಮೇಲೇರಿತು. ಅಷ್ಟಕ್ಕೇ ನಾನೊಂದು ಸ್ವರ ತಪ್ಪಿದೆ, ಅವಳ ತುಟಿಯಂಚಿನಲ್ಲಿ ನಗು ಮೂಡಿತು.

ಕಾರ್ಯಕ್ರಮ ಮುಗಿದು ಚಹಾ ಕುಡಿಯುವಾಗ ಅವಳೇ ಬಂದಳು.

“ತಪ್ಪು ನುಡಿಸಿದ್ರಿ, ಮಾಸ್ತರ.”

“ನೀ ಹಂಗ ನೋಡಿದ್ರ ಇನ್ನೇನಾಗ್ತೈತಿ?”

ನಕ್ಕಳು. ಆಮೇಲೆ ನಗು ಹೋಯಿತು. “ಅವ್ವನ ಮುಂದ ಎಲ್ಲಾ ಹೇಳಿದ್ದೆ. ಹೆಣ್ಣ ಕೇಳಾಕ ನಿಮ್ಮ ಮನಿಯವರು ಬರ್ತಾರಂತ ವರ್ಷ ಪೂರ್ತಿ ದಾರಿ ಕಾದೆ. ಯಾಕ ಬರಲಿಲ್ಲ?”

“ನನ್ನ ಮನಿಗೆ ಬರ್ತೀಯೇನು ಅಂತ ಕೇಳಿದ್ರ, ‘ಬರ್ತೇನಿ’ ಅಂದು ಬಸ್ ಹತ್ತಿ ಹೋದಿ!”

“ಹೂಂ. ಬರ್ತೇನಿ ಅಂದೆ.”

ಹೊರಟವರೆಲ್ಲ ಹೇಳುವ ಮಾತದು. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಅಂದದ್ದನ್ನು ನಾನು ಬೀಳ್ಕೊಡುಗೆ ಎಂದುಕೊಂಡಿದ್ದೆ. ಅವಳು ನನಗೆ ಉತ್ತರ ಕೊಟ್ಟಿದ್ದಳು.

“ಈಗ?” ಎಂದೆ.

“ಬದಾಮಿಯವರ ಕೂಡ ಮದುವಿ ನಿಶ್ಚಯ ಆಗೈತಿ. ಮುಂದಿನ ತಿಂಗಳ ಅಕ್ಕಿಕಾಳು ಬೀಳ್ತಾವ. ಭಾಳ ಒಳ್ಳೇವ್ರು, ಧರ್ಮ. ನಾ ಒಪ್ಪೇನಿ.” ಅವಳ ದನಿ ಒದ್ದೆಯಾಗಿತ್ತು. “ಇನ್ನೊಂದ ಸಲ ಕೇಳಿದ್ರ ನಿನ್ನ ಗಂಟೇನು ಹೋಗ್ತಿತ್ತು?”

ನಾನು ಚಹಾದ ಲೋಟ ಕೆಳಗಿಟ್ಟೆ.

ಗೆಳತಿಯರು ಕರೆದರು. ಅವಳು ಸೆರಗು ಸರಿಮಾಡಿಕೊಂಡು, ನನ್ನನ್ನೇ ನೋಡುತ್ತ, “ಹೋಗ್ತೇನಿ” ಎಂದಳು.

ನಮ್ಮ ಕಡೆ ಯಾರೂ ಹಾಗಂದು ಹೊರಡುವುದಿಲ್ಲ, ಅಪಶಕುನ. ಅವಳಿಗದು ಗೊತ್ತಿತ್ತು. ನಾನು ಮತ್ತೊಮ್ಮೆ ತಪ್ಪು ತಿಳಿಯಬಾರದೆಂದು ಹಾಗೆ ಹೇಳಿದಳು.