ಎಮರ್ಜೆನ್ಸಿ ಬಾಗಿಲಲ್ಲಿ ಹದಿನಾಲ್ಕು ಜನ

ಧಡ್!

ಹಿಂದಿನ ಜೀಪು ಮತ್ತೆ ನನ್ನ ಕಾರಿಗೆ ಗುದ್ದಿತು. ಒಂದೇ ಕೈಯಲ್ಲಿ ಸ್ಟಿಯರಿಂಗ್ ತಿರುಗಿಸಿ ಗಲ್ಲಿಗೆ ನುಗ್ಗಿದೆ. ಜೀಪು ತಪ್ಪಿಹೋಯಿತು. ಈ ಊರಿನಲ್ಲಿ ಹಾಗೆ ತಿರುಗಿಸುವ ಗಂಡಸು ನಾನೊಬ್ಬನೇ, ಸ್ವಾಮಿ!

“ಅದ್ರಲ್ಲಿ ಹದಿನಾಲ್ಕು ಜನ ಇದ್ರು!” ಎಂದೆ.

“ಇಬ್ಬರು,” ಎಂದಳು ಪಕ್ಕದಲ್ಲಿದ್ದವಳು.

ಅವಳು ನಮ್ಮ ಬೀದಿಯವಳೇ, ಕೋರ್ಟಿನ ಸ್ಟೆನೋ. ಆಡಿದ ಮಾತನ್ನು ಆಡಿದಂತೆಯೇ ಟೈಪ್ ಮಾಡುವುದು ಅವಳ ಕಸುಬು. ನಿನ್ನೆ ಸಂಜೆ ಒಬ್ಬ ಬಿಲ್ಡರ್ ಅವಳ ಮೇಲೆ ಅತ್ಯಾಚಾರ ಮಾಡಿದ್ದ. ಜೀಪಿನವರು ಅವನ ಚೇಲಾಗಳು. ಅವಳು ಸ್ನಾನ ಮಾಡಿರಲಿಲ್ಲ, ಬಟ್ಟೆ ಬದಲಿಸಿರಲಿಲ್ಲ. ಸಾಕ್ಷಿಯೆಲ್ಲ ಅವಳ ಮೈಮೇಲೆಯೇ ಇತ್ತು. ಯಾರಾದರೂ ಅದನ್ನು ತೆಗೆದು ಸೀಲ್ ಮಾಡಬೇಕು. ತಡವಾದಷ್ಟೂ ಅಳಿಸಿಹೋಗುತ್ತದೆ.

ಎರಡು ಆಸ್ಪತ್ರೆಗಳು ಆಗಲೇ ಕೈ ಎತ್ತಿದ್ದವು. ಈಗ ಕಾರು ನಿಲ್ಲಿಸಿದ್ದು ಮೂರನೆಯದರ ಎಮರ್ಜೆನ್ಸಿ ಮುಂದೆ.

ಡ್ಯೂಟಿ ಡಾಕ್ಟರು ಅವಳನ್ನು ನೋಡಿದ, ನನ್ನನ್ನು ನೋಡಿದ, ಕಡೆಗೆ ಗೋಡೆ ನೋಡಿದ.

“ಸಾಕ್ಷಿ ತೆಗೆಯೋ ಕಿಟ್ ಇದೆ ಸಾರ್... ಟ್ರೇನಿಂಗ್ ಆದ ನರ್ಸ್ ರಜೆ. ಪಕ್ಕದೂರಿಗೆ ಹೋಗಿ.”

“ಯಾರು ಆ ನರ್ಸ್?”

ಹೆಸರು ಹೇಳಿದ.

ನನ್ನ ಅಕ್ಕ!

ಹುಲಿಯ ಬಾಯಲ್ಲಿ ಕೈಯಿಟ್ಟು ಹಲ್ಲು ಎಣಿಸಿದವನು ನಾನು. ಫೋನ್ ಹಿಡಿದು ಬೆವತುಹೋದೆ. ಹೋದ ವಾರ ಅವಳ ಸ್ಕೂಟರನ್ನು ಗುಜರಿಗೆ ಸೇರಿಸಿದವನೂ ನಾನೇ.

“ಅಕ್ಕಾ...”

“ಈಗೇನು ಮುರಿದೆ?”

ವಿಷಯ ಹೇಳಿದೆ. ಅವಳ ದನಿ ಬದಲಾಯಿತು.

“ಒಂದು ರೂಮ್ ಕೊಡ್ಸು. ಮುಖ ತೊಳೀಬೇಡಿ ಅಂತ ಹೇಳು. ನೀನು ಡೈಲಾಗ್ ಹೊಡೀಬೇಡ. ಬಂದೆ!”

ಮನೆ ಚಪ್ಪಲಿಯಲ್ಲೇ ಬಂದಳು. ಸ್ಟೆನೋ ಎದುರು ಕೂತಳು.

“ಏನ್ ಮಾಡ್ತೀನಿ ಅಂತ ಮೊದಲೇ ಹೇಳ್ತೀನಮ್ಮ. ನೀನು ಬೇಡ ಅಂದ ಕಡೆ ನಿಲ್ಲಿಸ್ತೀನಿ. ಸರೀನಾ?”

ಬೆಳಗಿನಿಂದ ಅವಳಿಗೇನು ಬೇಕೆಂದು ಯಾರೂ ಕೇಳಿರಲಿಲ್ಲ. ಅವಳ ಕಣ್ಣು ತುಂಬಿತು.

“ಸರಿ.”

“ಈ ಹೀರೋ ಆಚೆ ಇರ್ಲಿ.”

“ಇರ್ಲಿ... ಬಾಗಿಲಲ್ಲೇ ಇರ್ಲಿ.”

ಬಾಗಿಲು ಮುಚ್ಚಿತು. ಅಷ್ಟರಲ್ಲಿ ಚೇಲಾಗಳು ಹಾಜರ್!

“ಅವಳನ್ನ ಕಳಿಸು!”

“ನನ್ನ ದಾಟಿ ಹೋಗ್ರೋ!”

ಮೊದಲನೆಯವನ ಮೊಣಕಾಲಿಗೆ ವ್ಹೀಲ್‌ಚೇರ್ ನುಗ್ಗಿಸಿದೆ. ಅದರಲ್ಲೇ ದೊಪ್ಪನೆ ಕೂತ. ಹಾಗೇ ಎಕ್ಸ್‌ರೇ ಕಡೆಗೆ ತಳ್ಳಿದೆ. ಅನುಕೂಲ! ಎರಡನೆಯವನು ಚಾಕು ತೆಗೆದ. ನಾನು ಡ್ರಿಪ್ ಸ್ಟ್ಯಾಂಡ್ ಎತ್ತಿದೆ...

ಬಾಗಿಲು ತುಸುವೇ ತೆರೆಯಿತು. ಅಕ್ಕನ ತಲೆ.

“ಸದ್ದು ಕಡಿಮೆ! ಒಳಗೆ ಕೆಲ್ಸ ನಡೀತಿದೆ!”

“ಸಾರಿ ಅಕ್ಕಾ,” ಎಂದೆ.

“ಸಾರಿ ಅಕ್ಕಾ,” ಎಂದ ಚಾಕುವಿನವನು.

ಆಮೇಲೆ ಅವನಿಗೆ ಸದ್ದಾಗದಂತೆ ಹೊಡೆದೆ.

ಸೀಲ್ ಆದ ಕಿಟ್ ಅಕ್ಕ ಫೋನ್ ಮಾಡಿ ಕರೆಸಿದ ಇನ್‌ಸ್ಪೆಕ್ಟರ್ ಕೈಸೇರಿತು. ಅವನು ನನ್ನತ್ತ ತಿರುಗಿದ.

“ಬಾಗಿಲಿಗೆ ಎಷ್ಟು ಜನ ಬಂದಿದ್ರು? ನೋಡ್ಕೊಂಡು ಹೇಳು. ಒಂದು ಸುಳ್ಳು ಸಿಕ್ಕಿದ್ರೂ ಅವರ ಲಾಯರ್ ಕೇಸನ್ನೇ ಹರಿದು ಹಾಕ್ತಾನೆ.”

ಅಕ್ಕನ ಭುಜದ ಹಿಂದಿನಿಂದ ಸ್ಟೆನೋ ನನ್ನನ್ನೇ ನೋಡುತ್ತಿದ್ದಳು.

ಹದಿನಾಲ್ಕು ನಾಲಗೆಯ ತುದಿಗೆ ಬಂದು ಕುಣಿಯಿತು... ನುಂಗಿದೆ.

“ಇಬ್ಬರು.”

ಉಳಿದ ಹನ್ನೆರಡು ಜನ ಇವತ್ತಿಗೂ ಗಂಟಲಲ್ಲೇ ಒದ್ದಾಡುತ್ತಿದ್ದಾರೆ, ಸ್ವಾಮಿ!