ಎರಡು ದೀಪ, ಒಂದು ಬಡಿತ

ಮಂಚಗಳ ತಲೆಯ ಬಳಿ ಹಸಿರು ದೀಪಗಳು ಮಿನುಗುತ್ತಿದ್ದವು, ಒಂದೊಂದೂ ತನ್ನ ರೋಗಿಯ ಎದೆಬಡಿತದ ಲಯದಲ್ಲಿ. ಹುಬ್ಬಳ್ಳಿಯ ಆ ಧರ್ಮಾಸ್ಪತ್ರೆಯ ಹೃದ್ರೋಗ ವಾರ್ಡಿನಲ್ಲಿ ಈಗ ಯಾರ ಮೈಮೇಲೂ ವೈರುಗಳಿರಲಿಲ್ಲ. ಎದೆಗೆ ಅಂಟಿಸಿದ, ನಾಣ್ಯದಷ್ಟಗಲದ ಬಿಲ್ಲೆಯೊಂದು ಪ್ರತಿ ಬಡಿತಕ್ಕೂ ಒಂದು ಸಣ್ಣ ವಿದ್ಯುತ್ ಸಂಕೇತ ಹೊರಡಿಸುತ್ತಿತ್ತು. ಉಪ್ಪುನೀರು ತುಂಬಿದ ಮನುಷ್ಯನ ದೇಹವೇ ತಂತಿಯಾಗಿ ಅದನ್ನು ಹಾಸಿಗೆಯ ಕೆಳಗಿನ ಫಲಕಕ್ಕೆ ಮುಟ್ಟಿಸುತ್ತಿತ್ತು. ಬಡಿತ ನಿಂತರೆ ದೀಪ ಕೆಂಪಾಗುತ್ತಿತ್ತು, ಗಂಟೆ ಹೊಡೆದುಕೊಳ್ಳುತ್ತಿತ್ತು. ಇದನ್ನು ರೂಪಿಸಿದ ವಿಜ್ಞಾನಿ ವಿನುತಾ ಕಟಗಿ ಇದಕ್ಕೆ ‘ಮೈತಂತಿ’ ಎಂದು ಹೆಸರಿಟ್ಟಿದ್ದರು.

ಗಂಟೆ ಹೊಡೆದಾಗ ಓಡಬೇಕಾದವಳು ನರ್ಸ್ ದಾನಮ್ಮ. ಮೈತಂತಿ ಬಂದ ಮೇಲೆ ಅನೇಕರು ಬದುಕಿದ್ದರು, ನಿಜ. ಆದರೆ ಓಡಿ ಓಡಿ ದಾನಮ್ಮನ ಮೊಣಕಾಲುಗಳು ಸವೆದಿದ್ದವು. ಗಂಟೆಯಿಲ್ಲದ ಕಡೆಯಲ್ಲೂ ಅವಳಿಗೆ ಗಂಟೆ ಕೇಳಿಸುತ್ತಿತ್ತು.

ಮೂಲೆಯ ಮಂಚದ ಶಿವಪುತ್ರಪ್ಪ ನಿವೃತ್ತ ರೈಲ್ವೆ ಡ್ರೈವರ್. ಅವರ ಎದೆ ಎರಡು ಸಲ ನಿಂತಿತ್ತು. ಎರಡು ಸಲವೂ ದಾನಮ್ಮ ಓಡಿ ಬಂದು, ಎದೆ ಒತ್ತಿ ಒತ್ತಿ ಉಳಿಸಿದ್ದಳು. ಎರಡನೆಯ ಸಲ ಪಕ್ಕೆಲುಬು ಮುರಿದಿತ್ತು. ಅಂದಿನಿಂದ ಉಸಿರೆಳೆದಾಗಲೆಲ್ಲ ಅವರು ಹಲ್ಲು ಕಚ್ಚುತ್ತಿದ್ದರು. ಪಕ್ಕದ ಮಂಚದಲ್ಲಿದ್ದವರು ಹುಸೇನಸಾಬ, ಮದುವೆಗಳಲ್ಲಿ ಬ್ಯಾಂಡ್ ಬಾರಿಸಿ ಹಣ್ಣಾದವರು. ಇಬ್ಬರಿಗೂ ಗೆಳೆತನ ಬೆಳೆದಿತ್ತು.

ಒಂದು ಸಂಜೆ ಚಹಾ ಕೊಟ್ಟಾದ ಮೇಲೆ ದಾನಮ್ಮ ಮಾತ್ರೆ ಹಿಡಿದು ಬಂದಾಗ ಆ ಇಬ್ಬರ ದೀಪಗಳೂ ಏಕಕಾಲಕ್ಕೆ ಹಸಿರಾಗಿ ಮಿನುಗುತ್ತಿದ್ದವು. ಮಂಚಗಳ ನಡುವಿನ ಸಂದಿಗೆ ಕೈ ಚಾಚಿ, ಹುಸೇನಸಾಬ ಗೆಳೆಯನ ಕೈ ಹಿಡಿದು ಮಲಗಿದ್ದರು. ಶಿವಪುತ್ರಪ್ಪನವರನ್ನು ಎಬ್ಬಿಸಲು ದಾನಮ್ಮ ಮುಟ್ಟಿದಳು. ಮೈ ತಣ್ಣಗಾಗಿತ್ತು.

ಮರುದಿನ ವಿನುತಾ ಓಡೋಡಿ ಬಂದರು. ಕಾರಣ ಹುಡುಕಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಕೈ ಹಿಡಿದೊಡನೆ ಎರಡು ದೇಹಗಳೂ ಒಂದೇ ತಂತಿಯಾಗಿದ್ದವು. ಒಂದು ಎದೆ ನಿಂತರೂ ಇನ್ನೊಂದರ ಬಡಿತ ಎರಡು ಮಂಚಗಳಿಗೂ ಹರಿದಿತ್ತು.

“ಹಿಂಗಾಗ್ತದ ಅಂತ ನಾನು ಯೋಚನೀನೇ ಮಾಡಿರಲಿಲ್ಲ,” ಎಂದರು ವಿನುತಾ.

“ನಮಗ ಗೊತ್ತಿತ್ರಿ ಬಾಯಾರ,” ಎಂದರು ಹುಸೇನಸಾಬ. “ಬ್ಯಾಸರಾದಾಗ ಕೈ ಹಿಡ್ಕೊಂಡು ದೀಪ ನೋಡ್ತಿದ್ವಿ. ಎರಡೂ ಕೂಡೇ ಕುಣೀತಿದ್ವು.”

“ಮತ್ತ ನಿನ್ನೆ ಸಿಸ್ಟರ್‌ನ ಯಾಕ ಕೂಗಲಿಲ್ಲ ನೀವು?”

ಹುಸೇನಸಾಬ ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತುತ್ತ ಕುಳಿತರು. “ಕೂಗಬ್ಯಾಡ ಅಂತ ಅಂವನೇ ಹೇಳಿದ್ದ. ‘ಹುಸೇನಾ, ಇನ್ನೊಮ್ಮೆ ನನ್ನ ಎಲುಬು ಮುರಸಬ್ಯಾಡ’ ಅಂದ. ಕೈ ಬಿಟ್ರ ಗಂಟಿ ಹೊಡೀತಿತ್ತು. ಬಿಡಲಿಲ್ರಿ.”

ಹೊರಗೆ ಮೊಗಸಾಲೆಯ ಬೆಂಚಿನ ಮೇಲೆ ವಿನುತಾ ಕುಸಿದು ಕುಳಿತರು. “ಅವರನ್ನ ಉಳಿಸಬಹುದಿತ್ತಲ್ಲ ಸಿಸ್ಟರ್?”

“ಉಳಿಸಬಹುದಿತ್ತೇನೋ ಮೇಡಂ,” ಎಂದಳು ಹಿಂದೆಯೇ ಬಂದಿದ್ದ ದಾನಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬಳಲಿಕೆಯಿತ್ತು. “ಹೋದ ಸಲ ಎಚ್ಚರಾದ ಕೂಡ್ಲೆ ನನ್ನ ಮಾರಿ ನೋಡಿ ‘ಯಾಕ ತಂಗಿ?’ ಅಂದ್ರು. ನನಗ ಉತ್ತರ ಹೊಳೀಲಿಲ್ಲ. ಇವತ್ತಿಗೂ ಹೊಳದಿಲ್ಲ.”

ದೋಷ ಸರಿಪಡಿಸುವುದು ಕಷ್ಟವಾಗಲಿಲ್ಲ. ಪ್ರತಿ ಬಿಲ್ಲೆಗೂ ತನ್ನದೇ ಗುರುತು ಕೊಟ್ಟರೆ ಸಾಕಿತ್ತು. ಯಾರು ಯಾರ ಕೈ ಹಿಡಿದರೂ ನಿಂತ ಎದೆ ಬೇರೆಯಾಗಿ ಗೊತ್ತಾಗುತ್ತಿತ್ತು. ಆದರೆ ಹೊಸ ಬಿಲ್ಲೆಗಳು ತಯಾರಾದ ಮೇಲೂ ವಿನುತಾ ಅವನ್ನು ಕೊಡದೆ ಕೆಲವು ದಿನ ತಮ್ಮಲ್ಲೇ ಇಟ್ಟುಕೊಂಡರು. ಕೊನೆಗೆ ವೈದ್ಯರ ಜೊತೆ ಕೂತು, ಅವರನ್ನು ಒಂದು ಮಾತಿಗೆ ಒಪ್ಪಿಸಿದರು: ರೋಗಿಯನ್ನು ಕೇಳದೆ ಯಾರ ಎದೆಗೂ ಬಿಲ್ಲೆ ಅಂಟಿಸುವಂತಿಲ್ಲ.

ಕೇಳುವ ಕೆಲಸ ದಾನಮ್ಮನ ಪಾಲಿಗೆ ಬಂತು. ಬಿಲ್ಲೆ ಬೇಕೇ ಎಂದು ಅವಳು ಮಂಚದಿಂದ ಮಂಚಕ್ಕೆ ಕೇಳುತ್ತ ಹೋದಳು. ಒಬ್ಬ ಮುದುಕಿ ಬೇಡವೆಂದು ಕೈಯಾಡಿಸಿದಳು. ಒಬ್ಬರು ಮಗಳನ್ನು ಕೇಳಿ ಹೇಳುತ್ತೇನೆಂದರು. ಹುಸೇನಸಾಬರ ಮಂಚ ಬಂದಾಗ, ಇವರ ಉತ್ತರ ತನಗೆ ಗೊತ್ತು ಎಂದುಕೊಂಡು ಅವಳು ಬಿಲ್ಲೆಯನ್ನು ಜೇಬಿನಿಂದ ತೆಗೆಯಲೇ ಇಲ್ಲ.

“ಅಜ್ಜಾರ, ನಿಮ್ಮ ಎದಿ ನಿಂತ್ರ ನಾವು ಓಡಿ ಬರಬೇಕೇನ್ರಿ?”

ಹುಸೇನಸಾಬ ಕಿಟಕಿಯ ಕಡೆ ನೋಡಿದರು. ನಾಚಿಕೊಂಡವರಂತೆ ದನಿ ತಗ್ಗಿಸಿದರು. “ಬರ್ರಿ ಸಿಸ್ಟರ್. ನಾ ಅಂವನಂಗ ಗಟ್ಟಿ ಅಲ್ಲ. ಎಲುಬು ಮುರಿದ್ರೂ ಅಡ್ಡಿಯಿಲ್ಲ. ನನಗ ಭಾಳ ಹೆದರಿಕಿ ಆಗ್ತದ. ಓಡಿ ಬರ್ರಿ.”

ದಾನಮ್ಮ ಬಿಲ್ಲೆ ತೆಗೆದು ಅವರ ನರೆತ ಎದೆಗೆ ಅಂಟಿಸಿದಳು. ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಹಾಕಿದಳು.

“ಬರ್ತೀನ್ರಿ,” ಎಂದಳು.